ಕಬ್ಬಿಣದ ಕಾಂತೀಯ ಆಕ್ಸೈಡುಗಳು: ಯಾವ ಕೆಲಸಕ್ಕೆ ಯಾವುದು?

ಮ್ಯಾಗ್ನೆಟೈಟ್‌ನ ಕಪ್ಪು ಪುಡಿ, ಮ್ಯಾಗೆಮೈಟ್‌ನ ಕಂದು ಪುಡಿ, ಹೆಮಟೈಟ್‌ನ ಕೆಂಪು ಪುಡಿ, ಈ ಮೂರರಲ್ಲೂ ಇರುವುದು ಕಬ್ಬಿಣ ಮತ್ತು ಆಮ್ಲಜನಕ ಮಾತ್ರ. ಮೊದಲಿನೆರಡು ಕಾಂತವನ್ನು ಹತ್ತಿರ ತಂದೊಡನೆ ಹಾರಿ ಅಂಟಿಕೊಳ್ಳುತ್ತವೆ. ಮೂರನೆಯದು ಅದರ ವಿಷಯದಲ್ಲಿ ಹೆಚ್ಚುಕಡಿಮೆ ನಿರ್ಲಿಪ್ತ. ವಿದ್ಯುತ್ತಿನ ವಿಷಯಕ್ಕೆ ಬಂದರೆ ಅಂತರ ಇನ್ನೂ ದೊಡ್ಡದು. ಕೋಣೆಯ ತಾಪಮಾನದಲ್ಲಿ ಶುದ್ಧ ಮ್ಯಾಗ್ನೆಟೈಟ್ ಶುದ್ಧ ಹೆಮಟೈಟ್‌ಗಿಂತ ಸಾವಿರ ಕೋಟಿ ಪಟ್ಟಿಗೂ ಮೀರಿ ಚೆನ್ನಾಗಿ ವಿದ್ಯುತ್ತನ್ನು ಹರಿಸುತ್ತದೆ. ಹೀಗಿರುವಾಗ ‘ಐರನ್ ಆಕ್ಸೈಡ್’ ಎಂಬ ಒಂದೇ ಹೆಸರನ್ನು ನಂಬಿ ಸಂವೇದಕಕ್ಕೋ ಟ್ರಾನ್ಸ್‌ಫಾರ್ಮರಿನ ತಿರುಳಿಗೋ ಉಷ್ಣವಿದ್ಯುತ್ ಪ್ರಯೋಗಕ್ಕೋ ವಸ್ತುವನ್ನು ಆರಿಸುವುದು ಅಪಾಯದ ಕೆಲಸ. ಈ ಆಕ್ಸೈಡುಗಳನ್ನು ವಿದ್ಯುತ್ ವಾಹಕತೆ ಮತ್ತು ಸೀಬೆಕ್ ಗುಣಾಂಕ (ತಾಪವ್ಯತ್ಯಾಸದಿಂದ ಹುಟ್ಟುವ ವೋಲ್ಟೇಜಿನ ಅಳತೆ) ಎಂಬ ಎರಡು ಅಳತೆಗಳ ಮೂಲಕ ಹೋಲಿಸಿ, ಎಲ್ಲಿ ಯಾವುದು ಹೊಂದುತ್ತದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಕೇಳಬೇಕಾದ ಪ್ರಶ್ನೆ

ಆಯ್ಕೆಗೆ ಕುಳಿತವರು ಸಾಮಾನ್ಯವಾಗಿ ವಸ್ತುವಿನ ಹೆಸರಿನಿಂದ ಆರಂಭಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಈ ವಸ್ತುವಿನೊಳಗೆ ಫೆರಸ್ ಕಬ್ಬಿಣ ಮತ್ತು ಫೆರಿಕ್ ಕಬ್ಬಿಣ, ಅಂದರೆ ಎರಡು ಧನಾವೇಶದ ಹಾಗೂ ಮೂರು ಧನಾವೇಶದ ಅಯಾನುಗಳು, ಒಂದೇ ಬಗೆಯ ಸ್ಥಾನಗಳಲ್ಲಿ ಅಕ್ಕಪಕ್ಕ ಕುಳಿತಿವೆಯೇ? ಕುಳಿತಿದ್ದರೆ ಫೆರಸ್ ಅಯಾನಿನ ಹೆಚ್ಚುವರಿ ಎಲೆಕ್ಟ್ರಾನು ಪಕ್ಕದ ಫೆರಿಕ್ ಅಯಾನಿಗೆ ಜಿಗಿಯಬಲ್ಲದು. ಜಿಗಿದ ಮೇಲೆ ಎರಡೂ ತಮ್ಮ ಪಾತ್ರವನ್ನು ಅದಲುಬದಲು ಮಾಡಿಕೊಂಡಿರುತ್ತವೆಯೇ ಹೊರತು ಸ್ಫಟಿಕದ ಒಟ್ಟು ಶಕ್ತಿ ಬದಲಾಗಿರುವುದಿಲ್ಲ. ಅಯಾನುಗಳು ಬೇರೆ ಬೇರೆ ಬಗೆಯ ಸ್ಥಾನಗಳಲ್ಲಿದ್ದರೆ, ಅಥವಾ ಫೆರಸ್ ಅಯಾನುಗಳೇ ಇಲ್ಲದಿದ್ದರೆ, ಈ ಹಾದಿ ಮುಚ್ಚಿಹೋಗುತ್ತದೆ.

ಹೀಗೆ ಜಿಗಿಯುವ ಎಲೆಕ್ಟ್ರಾನು ಬರಿಗೈಯಲ್ಲಿ ಹೋಗುವುದಿಲ್ಲ. ತಾನು ಕುಳಿತಲ್ಲಿ ಸುತ್ತಲಿನ ಆಮ್ಲಜನಕದ ಅಯಾನುಗಳನ್ನು ತುಸು ಹೊರಕ್ಕೆ ತಳ್ಳಿ ತನಗೊಂದು ತಗ್ಗನ್ನು ಮಾಡಿಕೊಂಡಿರುತ್ತದೆ. ಮುಂದಕ್ಕೆ ಹೋಗುವಾಗ ಆ ತಗ್ಗನ್ನೂ ಎಳೆದುಕೊಂಡೇ ಹೋಗಬೇಕು. ಎಲೆಕ್ಟ್ರಾನು ಮತ್ತು ಅದರ ತಗ್ಗಿನ ಈ ಜೋಡಿಗೆ ಸಣ್ಣ ಪೋಲರಾನ್ ಎಂದು ಹೆಸರು. ಜಿಗಿತಕ್ಕೆ ಶಾಖದ ನೆರವು ಬೇಕಾಗುವುದರಿಂದ, ತಾಪಮಾನ ಏರಿದಂತೆ ಲೋಹಗಳ ವಾಹಕತೆ ಕುಗ್ಗಿದರೆ ಈ ಆಕ್ಸೈಡುಗಳದ್ದು ಸಾಮಾನ್ಯವಾಗಿ ಹಿಗ್ಗುತ್ತದೆ.

ಇಲ್ಲಿ ಎರಡು ಅಳತೆಗಳ ನಡುವಿನ ಭೇದವನ್ನು ಮನಸ್ಸಿನಲ್ಲಿಡಬೇಕು. ವಾಹಕತೆಯಲ್ಲಿ ಜಿಗಿಯುವ ಎಲೆಕ್ಟ್ರಾನುಗಳ ಸಂಖ್ಯೆ, ಜಿಗಿತದ ಸರಾಗ, ಕಣಗಳ ನಡುವಿನ ಅಡೆತಡೆ ಎಲ್ಲವೂ ಬೆರೆತಿರುತ್ತವೆ. ಸೀಬೆಕ್ ಗುಣಾಂಕ, ಅಂದರೆ ಎರಡು ತುದಿಗಳ ನಡುವಿನ ಒಂದು ಡಿಗ್ರಿ ತಾಪವ್ಯತ್ಯಾಸಕ್ಕೆ ಹುಟ್ಟುವ ವೋಲ್ಟೇಜು, ಜಿಗಿತದ ವೇಗವನ್ನು ಹೆಚ್ಚು ಲೆಕ್ಕಿಸುವುದಿಲ್ಲ. ಅದು ಮುಖ್ಯವಾಗಿ ಫೆರಿಕ್ ಮತ್ತು ಫೆರಸ್ ಅಯಾನುಗಳ ಅನುಪಾತವನ್ನೇ ಹೇಳುತ್ತದೆ. ಹೈಕ್ಸ್ ಹೆಸರಿನ ಸೂತ್ರದ ಪ್ರಕಾರ ಆ ಅನುಪಾತವನ್ನು ಎರಡರಿಂದ ಗುಣಿಸಿ, ಬಂದ ಸಂಖ್ಯೆಯ ಸ್ವಾಭಾವಿಕ ಲಾಗರಿದಮ್ ತೆಗೆದು, ಅದನ್ನು 86.2 ಮೈಕ್ರೋವೋಲ್ಟಿನಿಂದ ಗುಣಿಸಿದರೆ ಸೀಬೆಕ್ ಗುಣಾಂಕದ ಪ್ರಮಾಣ ಸಿಗುತ್ತದೆ. ಬೋಲ್ಟ್ಸ್‌ಮನ್ ಸ್ಥಿರಾಂಕವನ್ನು ಎಲೆಕ್ಟ್ರಾನಿನ ಆವೇಶದಿಂದ ಭಾಗಿಸಿದಾಗ ಬರುವುದೇ ಈ 86.2, ಸೂತ್ರದೊಳಗಿನ ಎರಡು ಎಲೆಕ್ಟ್ರಾನಿನ ಸ್ಪಿನ್‌ಗೆ ಇರುವ ಎರಡು ಸಾಧ್ಯತೆಗಳ ಲೆಕ್ಕ. ವಾಹಕವು ಎಲೆಕ್ಟ್ರಾನಾಗಿದ್ದರೆ ಬಿಸಿ ತುದಿಯಿಂದ ಎಲೆಕ್ಟ್ರಾನುಗಳು ಸರಿದು ತಣ್ಣನೆಯ ತುದಿ ಋಣವಾಗುತ್ತದೆ. ಆದ್ದರಿಂದ ಗುಣಾಂಕಕ್ಕೆ ಋಣ ಚಿಹ್ನೆ.

ಮ್ಯಾಗ್ನೆಟೈಟ್: ವಾಹಕತೆ ಬೇಕಾದವರಿಗೆ

ಮೂರು ಕಬ್ಬಿಣಕ್ಕೆ ನಾಲ್ಕು ಆಮ್ಲಜನಕ ಇರುವ ಮ್ಯಾಗ್ನೆಟೈಟ್ ತಲೆಕೆಳಗಾದ ಸ್ಪಿನೆಲ್ ಎಂಬ ಸ್ಫಟಿಕ ರಚನೆಯದು. ಪ್ರತಿ ಸೂತ್ರ ಘಟಕದಲ್ಲಿ ಒಂದು ಫೆರಿಕ್ ಅಯಾನು ನಾಲ್ಕು ಆಮ್ಲಜನಕಗಳ ನಡುವಿನ ಚತುರ್ಮುಖ ಸ್ಥಾನದಲ್ಲಿದ್ದರೆ, ಒಂದು ಫೆರಸ್ ಮತ್ತು ಇನ್ನೊಂದು ಫೆರಿಕ್ ಅಯಾನು ಆರು ಆಮ್ಲಜನಕಗಳ ನಡುವಿನ ಅಷ್ಟಮುಖ ಸ್ಥಾನಗಳನ್ನು ಹಂಚಿಕೊಂಡಿವೆ. ಅಷ್ಟಮುಖ ಸ್ಥಾನಗಳ ನಡುವಿನ ದೂರ ಕೇವಲ 0.297 ನ್ಯಾನೋಮೀಟರ್. ಜಿಗಿತಕ್ಕೆ ಇದಕ್ಕಿಂತ ಅನುಕೂಲದ ಏರ್ಪಾಡು ಈ ಕುಟುಂಬದಲ್ಲಿ ಇನ್ನೊಂದಿಲ್ಲ. ಕೋಣೆಯ ತಾಪಮಾನದಲ್ಲಿ ಒಳ್ಳೆಯ ಸ್ಫಟಿಕದ ವಾಹಕತೆ ಮೀಟರಿಗೆ ಸುಮಾರು 20,000 ಸೀಮನ್ಸ್. ಇದು ತಾಮ್ರದ ಎದುರು ಏನೂ ಅಲ್ಲ, ಆದರೆ ಆಕ್ಸೈಡೊಂದಕ್ಕೆ ಗೌರವಾನ್ವಿತವಾದ ಅಂಕಿ. ಇದರ ಕ್ಯೂರಿ ತಾಪಮಾನ, ಅಂದರೆ ಕಾಂತತ್ವ ಅಳಿಯುವ ತಾಪಮಾನ, ಸುಮಾರು 858 ಕೆಲ್ವಿನ್ ಆದ್ದರಿಂದ ಕೋಣೆಯ ತಾಪಮಾನಕ್ಕಿಂತ ಬಹಳ ಮೇಲಿನವರೆಗೂ ಕಾಂತತ್ವ ಉಳಿದಿರುತ್ತದೆ.

ಸೀಬೆಕ್ ಗುಣಾಂಕವನ್ನು ಕೈಯಲ್ಲೇ ಲೆಕ್ಕ ಹಾಕಿ ನೋಡಬಹುದು. ಅಷ್ಟಮುಖ ಸ್ಥಾನಗಳಲ್ಲಿ ಫೆರಿಕ್ ಒಂದಕ್ಕೆ ಫೆರಸ್ ಒಂದು, ಅನುಪಾತ ಒಂದು, ಎರಡರಿಂದ ಗುಣಿಸಿದರೆ ಎರಡು, ಎರಡರ ಸ್ವಾಭಾವಿಕ ಲಾಗರಿದಮ್ 0.693, ಅದನ್ನು 86.2ರಿಂದ ಗುಣಿಸಿದರೆ ಕೆಲ್ವಿನ್ನಿಗೆ 60 ಮೈಕ್ರೋವೋಲ್ಟ್. ಅಳತೆಯಲ್ಲಿ ಕೋಣೆಯ ತಾಪಮಾನದ ಹತ್ತಿರ ಸಿಗುವುದು ಋಣ 50ರಿಂದ 60ರ ಆಸುಪಾಸಿನ ಮೌಲ್ಯಗಳೇ. ಇಷ್ಟು ಸರಳ ಸೂತ್ರ ಇಷ್ಟು ಹತ್ತಿರ ಬರುವುದನ್ನು ಕಂಡಾಗಲೆಲ್ಲ ನನಗೆ ಸಣ್ಣ ಖುಷಿ. ಕುಲುಮೆಯ ತಾಪಮಾನ ಬಹಳ ಏರಿದಂತೆ ಫೆರಸ್ ಅಯಾನುಗಳು ಚತುರ್ಮುಖ ಸ್ಥಾನಗಳಿಗೂ ನುಗ್ಗಿ ಹಂಚಿಕೆ ಗೊಂದಲಗೊಳ್ಳುತ್ತದೆ. ಪೂರ್ತಿ ಬೆರೆತುಹೋದರೆ ಎಲ್ಲ ಸ್ಥಾನಗಳಲ್ಲೂ ಫೆರಿಕ್ ಎರಡಕ್ಕೆ ಫೆರಸ್ ಒಂದು ಇರಬೇಕು, ಆಗ ಸೂತ್ರವು 120 ಮೈಕ್ರೋವೋಲ್ಟನ್ನು ಕೊಡುತ್ತದೆ. ಬಿಸಿ ಕುಲುಮೆಯೊಳಗಿನ ಅಯಾನುಗಳ ಹಂಚಿಕೆಯನ್ನು ಕೇವಲ ಎರಡು ಜೋಡಿ ತಂತಿಗಳಿಂದ ಊಹಿಸಲು ಸಾಧ್ಯವಾದದ್ದು 60 ಮತ್ತು 120ರ ನಡುವಿನ ಈ ಏರಿಕೆಯಿಂದಲೇ.

ಕೆಳ ತಾಪಮಾನದಲ್ಲಿ ಮ್ಯಾಗ್ನೆಟೈಟ್‌ನ ನಡವಳಿಕೆ ಬೇರೆಯದೇ. ಸುಮಾರು 120ರಿಂದ 125 ಕೆಲ್ವಿನ್‌ನಲ್ಲಿ ಅದರ ವಾಹಕತೆ ಒಮ್ಮೆಲೆ ನೂರು ಪಟ್ಟಿನಷ್ಟು ಕುಸಿಯುತ್ತದೆ. 1939ರಲ್ಲಿ ಡಚ್ ರಸಾಯನವಿಜ್ಞಾನಿ ಎವರ್ಟ್ ವರ್ವೆ ಇದನ್ನು ಎಲೆಕ್ಟ್ರಾನುಗಳು ಜಿಗಿತ ನಿಲ್ಲಿಸಿ ಕ್ರಮಬದ್ಧವಾಗಿ ಕುಳಿತುಬಿಡುವ ಪರಿವರ್ತನೆ ಎಂದು ವಿವರಿಸಿದರು. ಆ ಕೂರುವಿಕೆಯ ವಿನ್ಯಾಸ ಅವರೆಣಿಸಿದಷ್ಟು ಸರಳವಲ್ಲ. ಎಲೆಕ್ಟ್ರಾನು ಒಂದೇ ಅಯಾನಿನ ಮೇಲಲ್ಲದೆ ಸಾಲಾಗಿರುವ ಮೂರು ಕಬ್ಬಿಣದ ಅಯಾನುಗಳ ಮೇಲೆ ಹರಡಿರುತ್ತದೆಂದು 2012ರಲ್ಲಿ ಎಕ್ಸ್‌ರೇ ಅಧ್ಯಯನವೊಂದು ತೋರಿಸಿತು. ಆಯ್ಕೆ ಮಾಡುವವರಿಗೆ ಇದರಿಂದ ಎರಡು ಪಾಠ. ದ್ರವ ಸಾರಜನಕದ ತಾಪಮಾನದಲ್ಲಿ ಕೆಲಸ ಮಾಡಬೇಕಾದ ಸಾಧನಕ್ಕೆ ಮ್ಯಾಗ್ನೆಟೈಟನ್ನು ವಾಹಕವೆಂದು ನಂಬಬಾರದು. ಎರಡನೆಯದಾಗಿ, ಈ ಕುಸಿತ ಎಲ್ಲಿ ಮತ್ತು ಎಷ್ಟು ಚೂಪಾಗಿ ಆಗುತ್ತದೆ ಎಂಬುದೇ ಮಾದರಿಯ ಗುಣಮಟ್ಟದ ಪರೀಕ್ಷೆ. ಸ್ಫಟಿಕದಲ್ಲಿ ಕಬ್ಬಿಣದ ಸ್ಥಾನಗಳು ಶೇಕಡಾ 0.39ಕ್ಕಿಂತ ಹೆಚ್ಚು ಖಾಲಿ ಬಿದ್ದರೂ ಸಾಕು, ಆ ಹಠಾತ್ ಜಿಗಿತ ಮಾಯವಾಗಿ ಮೆಲ್ಲನೆಯ ಬದಲಾವಣೆಯಾಗುತ್ತದೆ, ಪರಿವರ್ತನೆಯ ತಾಪಮಾನವೂ ಇಳಿಯುತ್ತದೆ.

ತೆಳುಪದರಗಳನ್ನು ಬಳಸುವವರು ಇನ್ನೊಂದು ಸಂಗತಿಗೆ ಸಿದ್ಧರಿರಬೇಕು. ಪದರವನ್ನು ಬೆಳೆಸುವ ತಳವಾದ ಮೆಗ್ನೀಷಿಯಂ ಆಕ್ಸೈಡಿನ ಜಾಲರಿ, ಅಂದರೆ ಅಯಾನುಗಳ ಜೋಡಣೆ, ಮ್ಯಾಗ್ನೆಟೈಟ್‌ನದಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ, ವ್ಯತ್ಯಾಸ ಶೇಕಡಾ 0.3ರಷ್ಟು ಮಾತ್ರ. ಆದರೂ ಬೇರೆ ಬೇರೆ ದ್ವೀಪಗಳಾಗಿ ಬೆಳೆದ ಪದರ ಕೂಡಿಕೊಳ್ಳುವಲ್ಲಿ ಸಾಲುಗಳು ಹೊಂದದೆ ಗಡಿಗಳು ಉಳಿಯುತ್ತವೆ. ಪದರ ತೆಳುವಾದಷ್ಟೂ ಈ ಗಡಿಗಳು ಹೆಚ್ಚು, ರೋಧವೂ ಹೆಚ್ಚು. ಹೀಗಾಗಿ ಪುಸ್ತಕದಲ್ಲಿರುವ ಸ್ಫಟಿಕದ ಅಂಕಿಯನ್ನು ಕೆಲವೇ ನ್ಯಾನೋಮೀಟರ್ ದಪ್ಪದ ಪದರಕ್ಕೆ ಹಚ್ಚಬಾರದು.

ಮ್ಯಾಗೆಮೈಟ್: ಅದೇ ಮನೆ, ಖಾಲಿ ಕೋಣೆಗಳು

ಮ್ಯಾಗ್ನೆಟೈಟ್‌ನಲ್ಲಿರುವ ಫೆರಸ್ ಅಯಾನುಗಳೆಲ್ಲ ಉತ್ಕರ್ಷಣಗೊಂಡು ಫೆರಿಕ್ ಆದರೆ, ಆವೇಶ ಸರಿದೂಗಿಸಲು ಕೆಲವು ಅಷ್ಟಮುಖ ಸ್ಥಾನಗಳು ಖಾಲಿಯಾಗುತ್ತವೆ. ಸ್ಪಿನೆಲ್‌ನ ಚೌಕಟ್ಟು ಹಾಗೇ ಉಳಿಯುತ್ತದೆ, ಜಾಲರಿಯ ಅಳತೆ 8.396 ಆಂಗ್‌ಸ್ಟ್ರಾಂನಿಂದ ಸುಮಾರು 8.34ಕ್ಕೆ ಇಳಿಯುತ್ತದೆ. ಕಾಂತತ್ವವೂ ಬಹುಮಟ್ಟಿಗೆ ಉಳಿಯುತ್ತದೆ: ಮ್ಯಾಗ್ನೆಟೈಟ್‌ನ ಸಂತೃಪ್ತ ಕಾಂತತೆ ಗ್ರಾಮಿಗೆ ಸುಮಾರು 92 ಇಎಮ್‌ಯು (ಕಾಂತತೆಯ ಒಂದು ಮಾನ) ಇದ್ದರೆ ಇದರದ್ದು 75ರ ಆಸುಪಾಸು. ಕಳೆದುಹೋಗುವುದು ಜಿಗಿಯಲು ಬೇಕಾದ ಎಲೆಕ್ಟ್ರಾನು. ಎಲೆಕ್ಟ್ರಾನು ಹರಿಯಲು ದಾಟಬೇಕಾದ ಸುಮಾರು 2 ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಅಂತರವಿರುವ ಮ್ಯಾಗೆಮೈಟ್ ವಿದ್ಯುತ್ತಿನ ಮಟ್ಟಿಗೆ ಅವಾಹಕವೇ. ಬಲವಾದ ಕಾಂತತ್ವ ಬೇಕು, ವಾಹಕತೆ ಬೇಡ ಎನ್ನುವ ಕಡೆ ಇದು ಒಳ್ಳೆಯ ಆಯ್ಕೆ. ಹಿಂದಿನ ಧ್ವನಿಮುದ್ರಣದ ಟೇಪುಗಳ ಕಂದು ಲೇಪ ಇದೇ ಆಗಿತ್ತು. ಆದರೆ ಕೆಲವು ನೂರು ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಇದು ಹೆಮಟೈಟ್ ಆಗಿ ಮಾರ್ಪಟ್ಟು ಕಾಂತತ್ವವನ್ನೂ ಕಳೆದುಕೊಳ್ಳುವುದರಿಂದ ಬಿಸಿ ಜಾಗಗಳಿಗೆ ಇದು ಹೊಂದುವುದಿಲ್ಲ.

ಈ ಎರಡರ ನಡುವಿನ ಗೊಂದಲ ಬಹಳ ಜನರನ್ನು ಕಾಡುತ್ತದೆ. ಹತ್ತು ನ್ಯಾನೋಮೀಟರಿನ ಮ್ಯಾಗ್ನೆಟೈಟ್ ಕಣ ಗಾಳಿಯಲ್ಲಿ ಹೊರಗಿನಿಂದ ಒಳಕ್ಕೆ ಮ್ಯಾಗೆಮೈಟ್ ಆಗುತ್ತಾ ಹೋಗುತ್ತದೆ. ಎಕ್ಸ್‌ರೇ ವಿವರ್ತನೆಯ ಶಿಖರಗಳು ಎರಡಕ್ಕೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಬೀಳುವುದರಿಂದ ಆ ವರದಿಯೊಂದನ್ನೇ ನೋಡಿ ನಿರ್ಧರಿಸಲಾಗದು. ಕಬ್ಬಿಣದ ಪರಮಾಣು ಬೀಜಗಳು ಗಾಮಾ ಕಿರಣವನ್ನು ಹೀರುವುದನ್ನು ಅಳೆಯುವ ಮಾಸ್‌ಬವರ್ ರೋಹಿತ ನಂಬಿಕೆಗೆ ಅರ್ಹ: ಕೋಣೆಯ ತಾಪಮಾನದಲ್ಲಿ ಮ್ಯಾಗ್ನೆಟೈಟ್ ಎರಡು ಷಟ್ಕಗಳನ್ನು (ಆರಾರು ಗೆರೆಗಳ ಗುಂಪುಗಳನ್ನು) ತೋರಿಸುತ್ತದೆ. ಅವುಗಳಲ್ಲಿ ಒಂದು, ಎಲೆಕ್ಟ್ರಾನು ಅತಿ ವೇಗವಾಗಿ ಜಿಗಿಯುತ್ತಿರುವುದರಿಂದ ಎರಡೂವರೆ ಆವೇಶದ ಸರಾಸರಿ ಕಬ್ಬಿಣದಂತೆ ಕಾಣುವ ಅಷ್ಟಮುಖ ಸ್ಥಾನಗಳದ್ದು, ಮ್ಯಾಗೆಮೈಟ್‌ನಲ್ಲಿ ಅದಿರುವುದಿಲ್ಲ. ರಾಮನ್ ರೋಹಿತವನ್ನೂ ಬಳಸಬಹುದು, ಆದರೆ ಲೇಸರಿನ ಬಲವನ್ನು ತಗ್ಗಿಸಿರಬೇಕು. ಇಲ್ಲವಾದರೆ ಲೇಸರಿನ ಬಿಸಿಗೆ ಮ್ಯಾಗ್ನೆಟೈಟ್ ಅಲ್ಲೇ ಹೆಮಟೈಟ್ ಆಗಿ, ಪರೀಕ್ಷೆ ತಾನೇ ಸೃಷ್ಟಿಸಿದ ವಸ್ತುವನ್ನು ವರದಿ ಮಾಡುತ್ತದೆ.

ಹೆಮಟೈಟ್: ವೋಲ್ಟೇಜು ಉಂಟು, ಪ್ರವಾಹವಿಲ್ಲ

ಹೆಮಟೈಟ್‌ನಲ್ಲಿ ಕಬ್ಬಿಣವೆಲ್ಲ ಫೆರಿಕ್, ರಚನೆ ಕೊರಂಡಮ್‌ನದು. ಸ್ಪಿನ್‌ಗಳ ದಿಕ್ಕು ಬದಲಾಗುವ ಸುಮಾರು 260 ಕೆಲ್ವಿನ್ನಿನ ಮೋರಿನ್ ತಾಪಮಾನದಿಂದ, ಕಾಂತೀಯ ಕ್ರಮವೇ ಅಳಿಯುವ 955 ಕೆಲ್ವಿನ್ನಿನ ಹತ್ತಿರದ ನೀಲ್ ತಾಪಮಾನದವರೆಗೆ ಅದರ ಎದುರುಬದುರಿನ ಸ್ಪಿನ್‌ಗಳು ತುಸು ವಾಲಿಕೊಂಡು ಬಹಳ ದುರ್ಬಲವಾದ ಕಾಂತತ್ವ ಉಳಿಯುತ್ತದೆ. ಶುದ್ಧ ರೂಪದಲ್ಲಿ ಅವಾಹಕವೆನ್ನಬಹುದಾದ ಇದು ಡೋಪಿಂಗ್‌ಗೆ, ಅಂದರೆ ಅನ್ಯ ಅಯಾನುಗಳನ್ನು ಚೂರು ಸೇರಿಸುವುದಕ್ಕೆ, ಒಗ್ಗುತ್ತದೆ. ಟೈಟಾನಿಯಂ, ತವರ ಅಥವಾ ಸಿಲಿಕಾನ್ ಸೇರಿಸಿದರೆ ಪ್ರತಿ ನಾಲ್ಕಾವೇಶದ ಅಯಾನಿಗೆ ಒಂದು ಫೆರಸ್ ಹುಟ್ಟಿ ಎಲೆಕ್ಟ್ರಾನ್ ವಹನ ಆರಂಭವಾಗುತ್ತದೆ. ಮೆಗ್ನೀಷಿಯಂ ಸೇರಿಸಿದರೆ ರಂಧ್ರಗಳ, ಅಂದರೆ ಎಲೆಕ್ಟ್ರಾನು ಇಲ್ಲದ ಧನಾವೇಶದ ಖಾಲಿ ಜಾಗಗಳ, ವಹನ. ಟೈಟಾನಿಯಂ ಸೇರಿದ ಹೆಮಟೈಟ್‌ನ ವಿದ್ಯುತ್ ಗುಣಗಳನ್ನು ಮೋರಿನ್ 1951ರಲ್ಲೇ ಅಳೆದಿದ್ದರು. ಕೆಲವೇ ವಾಹಕಗಳಿರುವ ಇಂಥ ವಸ್ತುವಿನಲ್ಲಿ ಫೆರಿಕ್-ಫೆರಸ್ ಅನುಪಾತ ದೊಡ್ಡದಾದ್ದರಿಂದ ಸೀಬೆಕ್ ಗುಣಾಂಕವೂ ನೂರಾರು ಮೈಕ್ರೋವೋಲ್ಟಿಗೆ ಏರುತ್ತದೆ. ನೂರಕ್ಕೊಂದು ಫೆರಸ್ ಇದ್ದರೆ ಮೇಲಿನ ಸೂತ್ರ ಸುಮಾರು 455 ಮೈಕ್ರೋವೋಲ್ಟ್ ಕೊಡುತ್ತದೆ. ಆ ಅಂಕಿಯನ್ನು ಕಂಡು ಮರುಳಾಗಬಾರದು: ಮಾದರಿಯ ಒಳರೋಧ ಬಹಳವಾದ್ದರಿಂದ ಹುಟ್ಟಿದ ವೋಲ್ಟೇಜಿನಿಂದ ಎಳೆಯಬಹುದಾದ ಪ್ರವಾಹ ನಗಣ್ಯ.

ಏಕಸ್ಫಟಿಕ ಅಥವಾ ದಿಕ್ಕು ಹಿಡಿದು ಬೆಳೆದ ಪದರ ಬಳಸುವವರು ಗಮನಿಸಬೇಕಾದದ್ದು, ಹೆಮಟೈಟ್‌ನ ಅಡ್ಡಪದರದ ಉದ್ದಕ್ಕಿರುವ ವಾಹಕತೆ ಅದಕ್ಕೆ ಲಂಬವಾದ ದಿಕ್ಕಿನದಕ್ಕಿಂತ ಸಾವಿರಾರು ಪಟ್ಟು ಹೆಚ್ಚಿರಬಲ್ಲದು. ಬೆಳಕಿನಿಂದ ನೀರನ್ನು ಒಡೆಯುವ ವಿದ್ಯುದ್ವಾರಕ್ಕೆ ಅದರ ಸುಮಾರು 2.1 ಎಲೆಕ್ಟ್ರಾನ್‌ವೋಲ್ಟಿನ ಅಂತರ ಹಿತವಾದದ್ದು, ನೀರಿನಲ್ಲಿ ಬಾಳಿಕೆಯೂ ಚೆನ್ನಾಗಿದೆ. ಆದರೆ ರಂಧ್ರಗಳು ಕೆಲವೇ ನ್ಯಾನೋಮೀಟರ್ ಸಾಗಿ ಅಳಿದುಹೋಗುವುದರಿಂದ ದಪ್ಪ ಪದರ ವ್ಯರ್ಥ.

ಒಂದು ಕಬ್ಬಿಣಕ್ಕೆ ಹೆಚ್ಚುಕಡಿಮೆ ಒಂದು ಆಮ್ಲಜನಕ ಇರುವ ವುಸ್ಟೈಟ್ ಬಗ್ಗೆ ಎರಡೇ ಮಾತು. ಇದು 570 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಮಾತ್ರ ಸ್ಥಿರ, ಕಾಂತೀಯ ಕ್ರಮ ಮೂಡುವುದು 200 ಕೆಲ್ವಿನ್‌ಗಿಂತ ಕೆಳಗೆ. ಕೋಣೆಯ ತಾಪಮಾನದ ಸಾಧನಕ್ಕೆ ಇದನ್ನು ಆರಿಸಲು ಕಾರಣವಿಲ್ಲ. ಕಬ್ಬಿಣದ ಕೊರತೆ ಹೆಚ್ಚಿದಂತೆ ಅದರ ಸೀಬೆಕ್ ಗುಣಾಂಕ ಧನದಿಂದ ಋಣಕ್ಕೆ ತಿರುಗುತ್ತದೆಂಬ ಸಂಗತಿ ಮಾತ್ರ ಸ್ವಾರಸ್ಯದ್ದು.

ಫೆರೈಟುಗಳು: ಫೆರಸ್ಸನ್ನು ಅಳೆದು ಕೊಡುವ ಕಲೆ

ಟ್ರಾನ್ಸ್‌ಫಾರ್ಮರು ಮತ್ತು ಚೋಕ್‌ಗಳ ತಿರುಳಿಗೆ ಮ್ಯಾಗ್ನೆಟೈಟ್ ಬಳಸಿದರೆ ಅದರೊಳಗೆ ಸುಳಿಪ್ರವಾಹಗಳು ಎದ್ದು ತಿರುಳೇ ಬಿಸಿಯಾಗುತ್ತದೆ. ಆದ್ದರಿಂದ ಫೆರಸ್‌ನ ಜಾಗದಲ್ಲಿ ಮ್ಯಾಂಗನೀಸ್, ಸತು, ನಿಕ್ಕಲ್‌ಗಳನ್ನು ಕೂರಿಸಿದ ಫೆರೈಟುಗಳು ಬಂದವು. 1930ರಲ್ಲಿ ಜಪಾನಿನಲ್ಲಿ ಕಾಟೊ ಮತ್ತು ಟಾಕೆಯಿ ಇವುಗಳ ಉಪಯೋಗವನ್ನು ತೋರಿಸಿದರು. 1940ರ ದಶಕದಲ್ಲಿ ನೆದರ್ಲೆಂಡ್ಸಿನ ಫಿಲಿಪ್ಸ್ ಪ್ರಯೋಗಾಲಯದಲ್ಲಿ ಸ್ನೂಕ್ ಅವನ್ನು ಹದಕ್ಕೆ ತಂದರು.

ಇಂದು ಆಯ್ಕೆ ಮುಖ್ಯವಾಗಿ ಎರಡರ ನಡುವೆ. ಮ್ಯಾಂಗನೀಸ್-ಸತು ಫೆರೈಟ್‌ನ ರೋಧಕತೆ ಕೆಲವು ಓಮ್-ಮೀಟರಿನ ಆಸುಪಾಸಿನದು, ಕಾಂತಪ್ರವೇಶ್ಯತೆ (ಕಾಂತಕ್ಷೇತ್ರಕ್ಕೆ ಎಷ್ಟು ಸುಲಭವಾಗಿ ಸ್ಪಂದಿಸುತ್ತದೆ ಎಂಬ ಅಳತೆ) ಸಾವಿರದಿಂದ ಹತ್ತು ಸಾವಿರವನ್ನು ದಾಟುವವರೆಗೆ. ಕೆಲವು ಕಿಲೋಹರ್ಟ್ಸ್‌ನಿಂದ ಒಂದೆರಡು ಮೆಗಾಹರ್ಟ್ಸ್‌ವರೆಗಿನ ವಿದ್ಯುತ್ ಪರಿವರ್ತಕಗಳಿಗೆ ಇದೇ ಸರಿ. ನಿಕ್ಕಲ್-ಸತು ಫೆರೈಟ್‌ನ ರೋಧಕತೆ ಅದಕ್ಕಿಂತ ಹತ್ತಾರು ಸಾವಿರ ಪಟ್ಟು ಅಥವಾ ಇನ್ನೂ ಹೆಚ್ಚು, ಪ್ರವೇಶ್ಯತೆ ಕಡಿಮೆ. ಮೆಗಾಹರ್ಟ್ಸ್‌ನಿಂದ ಮೇಲಿನ ಕೆಲಸಗಳಿಗೂ, ತಂತಿಯನ್ನು ನೇರವಾಗಿ ತಿರುಳಿನ ಮೇಲೆಯೇ ಸುತ್ತಬೇಕಾದ ಕಡೆಗೂ ಅದು ಹೊಂದುತ್ತದೆ.

ಮ್ಯಾಂಗನೀಸ್-ಸತುವಿನಲ್ಲಿ ತಯಾರಕರು ಸ್ವಲ್ಪ ಫೆರಸ್ಸನ್ನು ಬೇಕೆಂದೇ ಉಳಿಸಿಕೊಳ್ಳುತ್ತಾರೆ. ಕಾಂತೀಯ ದಿಶಾಭೇದವನ್ನು (ಕೆಲವು ದಿಕ್ಕುಗಳಲ್ಲಷ್ಟೇ ಸುಲಭವಾಗಿ ಕಾಂತೀಕರಣಗೊಳ್ಳುವ ಸ್ವಭಾವವನ್ನು) ಸರಿದೂಗಿಸಿ ಪ್ರವೇಶ್ಯತೆಯನ್ನು ಏರಿಸುವುದು ಅದೇ ಫೆರಸ್. ರೋಧಕತೆಯನ್ನು ಇಳಿಸುವುದೂ ಅದೇ. ಈ ಜಗಳವನ್ನು ಬಗೆಹರಿಸಲು ಕ್ಯಾಲ್ಷಿಯಂ ಮತ್ತು ಸಿಲಿಕಾನ್ ಆಕ್ಸೈಡುಗಳನ್ನು ಚಿಟಿಕೆಯಷ್ಟು ಸೇರಿಸುತ್ತಾರೆ. ಅವು ಕಣಗಳ ಅಂಚಿನಲ್ಲಿ ಕೂತು ತೆಳುವಾದ ಅವಾಹಕ ಗೋಡೆಗಳಾಗುತ್ತವೆ, ಕಣದೊಳಗಿನ ಫೆರಸ್ ಹಾಗೇ ಉಳಿಯುತ್ತದೆ. ಕುಲುಮೆಯಲ್ಲಿ ಆಮ್ಲಜನಕದ ಒತ್ತಡವನ್ನು ತಣಿಸುವಾಗಲೂ ಹತೋಟಿಯಲ್ಲಿಡಬೇಕು. ಗಾಳಿಯಲ್ಲಿ ತಣಿಸಿದರೆ ಫೆರಸ್ ಉತ್ಕರ್ಷಣಗೊಂಡು ಹೆಮಟೈಟ್ ಹೊರಬೀಳುತ್ತದೆ. ನಿಕ್ಕಲ್-ಸತುವನ್ನು ಗಾಳಿಯಲ್ಲೇ ಸುಡಬಹುದು. ಸ್ವಂತವಾಗಿ ಮಾದರಿ ತಯಾರಿಸುವವರಿಗೆ ಹತೋಟಿಯ ಕುಲುಮೆ ಇಲ್ಲದಿದ್ದರೆ ಆಯ್ಕೆ ಇಲ್ಲಿಯೇ ಮುಗಿಯಿತು.

ತಾಪಮಾನ ಅಳೆಯುವ ಥರ್ಮಿಸ್ಟರಿನ ವಿಷಯವೂ ಇದೇ ಜಾತಿಯದು. ಶುದ್ಧ ಮ್ಯಾಗ್ನೆಟೈಟ್‌ನ ವಾಹಕತೆ ಕೋಣೆಯ ತಾಪಮಾನದ ಬಳಿ ಬಹಳ ಕಡಿಮೆ ಬದಲಾಗುವುದರಿಂದ ಅದು ಮಂದ ಸಂವೇದಕ. ವರ್ವೆ ಮತ್ತು ಅವರ ಫಿಲಿಪ್ಸ್ ಸಹೋದ್ಯೋಗಿಗಳು ಅದನ್ನು ಮೆಗ್ನೀಷಿಯಂ ಕ್ರೋಮೈಟ್‌ನಂಥ ಸ್ಪಿನೆಲ್‌ಗಳೊಂದಿಗೆ ಬೆರೆಸಿ, ಜಿಗಿತದ ಹಾದಿಯನ್ನು ದುರ್ಗಮಗೊಳಿಸಿ, ತಾಪಕ್ಕೆ ಚುರುಕಾಗಿ ಸ್ಪಂದಿಸುವ ವಸ್ತುಗಳನ್ನು ಪಡೆದರು.

ಶಾಖದಿಂದ ವಿದ್ಯುತ್ತು ತೆಗೆಯಬೇಕೆಂದರೆ

ಕಬ್ಬಿಣದ ಆಕ್ಸೈಡು ಅಗ್ಗ, ವಿಷವಿಲ್ಲ, ಶಾಖ ತಡೆಯುತ್ತದೆ. ಹೀಗಾಗಿ ಉಷ್ಣವಿದ್ಯುತ್ ಜನಕಕ್ಕೆ ಇದೇ ಏಕಾಗಬಾರದು ಎಂಬ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ. ಲೆಕ್ಕ ಹಾಕಿ ನೋಡೋಣ. 60 ಮೈಕ್ರೋವೋಲ್ಟಿನ ವರ್ಗವನ್ನು 20,000 ಸೀಮನ್ಸ್‌ನಿಂದ ಗುಣಿಸಿದರೆ ಪವರ್ ಫ್ಯಾಕ್ಟರ್ ಸುಮಾರು 72 ಮೈಕ್ರೋವ್ಯಾಟ್. ಅದನ್ನು 300 ಕೆಲ್ವಿನ್‌ನಿಂದ ಗುಣಿಸಿ, ಮೀಟರ್-ಕೆಲ್ವಿನ್ನಿಗೆ ಸುಮಾರು 5 ವ್ಯಾಟಿನ ಶಾಖವಾಹಕತೆಯಿಂದ ಭಾಗಿಸಿದರೆ ಜೆಡ್‌ಟಿ ಎಂಬ ದಕ್ಷತಾ ಸೂಚಿ 0.004. ಬಿಸ್ಮತ್ ಟೆಲ್ಯುರೈಡ್‌ನದು ಒಂದರ ಹತ್ತಿರ. ಎರಡರ ನಡುವೆ ಇನ್ನೂರು ಪಟ್ಟಿಗೂ ಹೆಚ್ಚಿನ ಅಂತರವಿದೆ; ಕಣಗಳನ್ನು ಸಣ್ಣದು ಮಾಡಿ ಶಾಖವಾಹಕತೆಯನ್ನು ಅರ್ಧಕ್ಕಿಳಿಸಿದರೂ ಅದು ತುಂಬುವುದಿಲ್ಲ. ಡೋಪಿಂಗ್‌ನಿಂದ ಸೀಬೆಕ್ ಏರಿಸಿದರೆ ವಾಹಕತೆ ಇಳಿಯುತ್ತದೆ. ಆಕ್ಸೈಡೇ ಬೇಕೆನ್ನುವವರು ಕೋಬಾಲ್ಟ್‌ನ ಕಡೆ ನೋಡುವುದು ಒಳ್ಳೆಯದು: ಸೋಡಿಯಂ-ಕೋಬಾಲ್ಟ್ ಆಕ್ಸೈಡು ಲೋಹದಂಥ ವಾಹಕತೆಯ ಜೊತೆಗೇ ಸುಮಾರು 100 ಮೈಕ್ರೋವೋಲ್ಟ್ ಕೊಡುತ್ತದೆಂದು 1997ರಲ್ಲೇ ತಿಳಿದಿದೆ.

ಕಾಂತತ್ವವೇ ಕೆಲಸಕ್ಕೆ ಬರುವ ಜಾಗ ಸ್ಪಿನ್ ಸೀಬೆಕ್ ಪರಿಣಾಮ. ಇಲ್ಲಿ ತಾಪವ್ಯತ್ಯಾಸವು ಸ್ಪಿನ್‌ಗಳ ಪ್ರವಾಹವನ್ನು ಹುಟ್ಟಿಸುತ್ತದೆ, ಮೇಲೆ ಹಚ್ಚಿದ ಪ್ಲಾಟಿನಂ ಪದರ ಅದನ್ನು ವೋಲ್ಟೇಜಾಗಿ ಪರಿವರ್ತಿಸುತ್ತದೆ. ಲೋಹದಲ್ಲಿ ಇದು 2008ರಲ್ಲಿ ವರದಿಯಾಗಿ, 2010ರಲ್ಲಿ ಯಿಟ್ರಿಯಂ-ಕಬ್ಬಿಣದ ಗಾರ್ನೆಟ್ ಎಂಬ ಅವಾಹಕದಲ್ಲೂ ಕಂಡಿತು. ಹೋಲಿಕೆಯಲ್ಲಿ ಗಾರ್ನೆಟ್ಟಿಗೇ ನನ್ನ ಮತ: ತಾನು ವಿದ್ಯುತ್ ಹರಿಸದ ಕಾರಣ ಅಳೆದ ವೋಲ್ಟೇಜು ಎಲ್ಲಿಂದ ಬಂತೆಂಬ ಅನುಮಾನ ಕಡಿಮೆ. ಮ್ಯಾಗ್ನೆಟೈಟ್ ಬಳಸಿದರೆ ಅದರ ಸ್ವಂತ ಅಸಂಗತ ನರ್ನ್ಸ್ಟ್ ವೋಲ್ಟೇಜು (ಕಾಂತೀಯ ವಾಹಕದಲ್ಲಿ ತಾಪವ್ಯತ್ಯಾಸಕ್ಕೆ ಅಡ್ಡಲಾಗಿ ಹುಟ್ಟುವಂಥದ್ದು) ಬೆರೆತುಕೊಳ್ಳುತ್ತದೆ. ಅದನ್ನು ಬೇರ್ಪಡಿಸಲು ವರ್ವೆ ತಾಪಮಾನಕ್ಕಿಂತ ಕೆಳಗೆ, ಮ್ಯಾಗ್ನೆಟೈಟ್ ಅವಾಹಕವಾದ ಮೇಲೆ ಅಳೆಯಬೇಕಾಗುತ್ತದೆ.

ಮಾದರಿ ಕೈಗೆ ಬಂದ ಮೇಲೆ

ಒಮ್ಮೆ ಮ್ಯಾಗ್ನೆಟೈಟ್ ಪುಡಿಯನ್ನು ಒತ್ತಿ ಮಾಡಿದ ಬಿಲ್ಲೆಯೊಂದನ್ನು ನಾನು ಅಳೆದಾಗ ರೋಧಕತೆ ಪುಸ್ತಕದ ಮೌಲ್ಯದ ನೂರು ಪಟ್ಟಿಗೂ ಹೆಚ್ಚು ಬಂದು, ಪುಡಿಯೇ ಕೆಟ್ಟದ್ದೆಂದು ಬದಿಗಿಡುವವನಿದ್ದೆ. ಅದೇ ಬಿಲ್ಲೆಯ ಸೀಬೆಕ್ ಗುಣಾಂಕ ಮಾತ್ರ ಋಣ ಐವತ್ತರ ಮೇಲೆ, ಸ್ಫಟಿಕದ ಮೌಲ್ಯಕ್ಕೆ ಹತ್ತಿರವೇ ಇತ್ತು. ಕಾರಣ ಸ್ಪಷ್ಟ: ಪ್ರವಾಹ ಹರಿಯಬೇಕಾದರೆ ಕಣಗಳ ನಡುವಿನ ಪ್ರತಿಯೊಂದು ಬಿಗಿಯಿಲ್ಲದ ಸಂಪರ್ಕವನ್ನೂ ದಾಟಬೇಕು, ಸೀಬೆಕ್ ಅಳತೆಯಲ್ಲಿ ಪ್ರವಾಹವೇ ಹರಿಯುವುದಿಲ್ಲ. ಆದ್ದರಿಂದ ಪುಡಿ, ಬಿಲ್ಲೆ, ಸರಂಧ್ರ ಪಿಂಗಾಣಿಗಳನ್ನು ಹೋಲಿಸುವಾಗ ವಸ್ತು ಯಾವುದೆಂದು ತಿಳಿಯಲು ಸೀಬೆಕ್ಕನ್ನೂ, ಅದನ್ನು ಹೇಗೆ ತಯಾರಿಸಿದ್ದಾರೆಂದು ತಿಳಿಯಲು ರೋಧಕತೆಯನ್ನೂ ನೋಡಬೇಕು.

ರೋಧಕತೆಗೆ ನಾಲ್ಕು ತುದಿಗಳ ವಿಧಾನ ಕಡ್ಡಾಯ. ಫೆರೈಟುಗಳಲ್ಲಿ ನೇರ ಪ್ರವಾಹದ ಅಳತೆ ಕಣದಂಚನ್ನಷ್ಟೇ ಕಾಣುತ್ತದೆ. ಕಣದೊಳಗಿನ ವಾಹಕತೆ ಬೇಕಿದ್ದರೆ ಆವೃತ್ತಿಯನ್ನು ಏರಿಸುತ್ತಾ ಪ್ರತಿಬಾಧೆಯನ್ನು ಅಳೆಯಬೇಕು. ಸೀಬೆಕ್ಕಿಗೆ ಒಂದೇ ತಾಪವ್ಯತ್ಯಾಸ ಸಾಲದು. ಒಂದರಿಂದ ಐದಾರು ಡಿಗ್ರಿಯವರೆಗೆ ಹಲವು ಬಿಂದುಗಳನ್ನು ತೆಗೆದು ರೇಖೆಯ ಇಳಿಜಾರನ್ನು ಬಳಸಬೇಕು, ತಾಮ್ರದ ತಂತಿಯದೇ ಆದ ಧನ 1.8 ಮೈಕ್ರೋವೋಲ್ಟನ್ನು ಲೆಕ್ಕಕ್ಕೆ ಹಿಡಿಯಬೇಕು.

ನ್ಯಾನೋಪುಡಿಯ ಬಿಲ್ಲೆಯಾದರೆ ಒತ್ತಿದ ದಿನವೇ ಒಮ್ಮೆ, ಕೆಲವು ವಾರ ಗಾಳಿಯಲ್ಲಿಟ್ಟು ಇನ್ನೊಮ್ಮೆ ಅಳೆಯಿರಿ. ಸೂತ್ರದ ಪ್ರಕಾರ ಫೆರಸ್‌ನ ಐದನೆಯ ಒಂದು ಪಾಲು ಉತ್ಕರ್ಷಣಗೊಂಡಿದ್ದರೆ ಅಷ್ಟಮುಖ ಸ್ಥಾನಗಳ ಅನುಪಾತ ಒಂದರಿಂದ ಸುಮಾರು 1.42ಕ್ಕೆ ಏರಿ, ಸೀಬೆಕ್ ಗುಣಾಂಕ ಋಣ 60ರಿಂದ ಋಣ 90ರ ಕಡೆಗೆ ಸರಿದಿರುತ್ತದೆ. ಬಿಲ್ಲೆಯ ಬಣ್ಣ ಆಗಲೂ ಕಪ್ಪಾಗಿಯೇ ಕಾಣುತ್ತಿರಬಹುದು.